ಸುಧನ್ವನ ಮೂರನೇ ಬಾಣ

ಇಲ್ಲ ಮಾಷ್ಟ್ರೆ, ನಿಮ್ಮ ಮೊಮ್ಮಗನಿಗೆ ಅಲ್ಲಿ ಅನ್ಯಾಯ ಆಗಲಿಲ್ಲ. ನಿಮ್ಮ ಚಾವಡಿಯಲ್ಲಿ ಆ ಮಣಿಪಾಲದ ಹುಡುಗರು ದಾಳ ಉರುಳಿಸಿ ಆಡುವಾಗ ನಾನೂ ಬದಿಯಲ್ಲಿ ಕೂತು ನೋಡಿದವ.

"ಹ್ವಾಯ್, ಮೈ ತುಂಬ ಕಬ್ಬಿಣ ಹೊದ್ಕಂಡ್, ಮೇಲಿಂದ ಮಂತ್ರದ್ ಗುರಾಣಿ ಬೇರೆ ಹಿಡ್ಕಂಡ್ ನಿಂತವ ಒಂದ್ ಬೆಂಕಿ ಉಂಡಿಗ್ ಸತ್ತ ಅಂದ್ರೆ ಅದೆಂಥಾ ಆಟ ಮಾರಾಯ್ರೆ?" ಅಂತ ನೀವು ಬೇಲಿಯ ಆಚೆಯಿಂದ ಕೇಳುವುದರಲ್ಲಿ ತಪ್ಪಿಲ್ಲ. ಮಾಣಿ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ ಅಂತಲೂ ಹೇಳುತ್ತೀರಿ. ಆದರೆ ತೀರ್ಪು ಕೊಟ್ಟ ಹುಡುಗನ ಪರವಾಗಿ ನಾನು ಎರಡು ಮಾತು ಆಡಲೇಬೇಕು. ಅಂಥದೇ ತೀರ್ಪನ್ನು ನೀವು ಮಳೆಗಾಲದ ತಾಳಮದ್ದಳೆಗಳಲ್ಲಿ, ವೇಷವಿಲ್ಲದ ಆ ಮಾತಿನ ಯಕ್ಷಗಾನದಲ್ಲಿ, ಎಷ್ಟೋ ಸಲ ಸಮರ್ಥಿಸಿ ಅರ್ಥ ಹೇಳಿದವರು.

ಆಟದ ಹೆಸರು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗಾಕ್ಸ್, ಡೇವ್ ಆರ್ನೆಸನ್ ಅಂತ ಇಬ್ಬರು ಹೊರಗೆ ತಂದದ್ದು. ಮೇಜಿನ ಸುತ್ತ ಕೂತವರಿಗೆಲ್ಲ ಒಂದೊಂದು ಪಾತ್ರ. ಒಬ್ಬ ಕತ್ತಿ ಹಿಡಿದ ವೀರ, ಒಬ್ಬ ಮಂತ್ರಗಾರ, ಒಬ್ಬ ಕೈಚಳಕದ ಕಳ್ಳ. ಬಣ್ಣ ಇಲ್ಲ, ಗೆಜ್ಜೆ ಇಲ್ಲ, ಎಲ್ಲವೂ ಮಾತಿನಲ್ಲೇ. ಕತೆ ನಡೆಸುವುದಕ್ಕೆ ಡಂಜನ್ ಮಾಸ್ಟರ್ ಅಂತ ಒಬ್ಬ ಇರುತ್ತಾನೆ, ಅವನದು ಹಾಡಿ ಪ್ರಸಂಗ ನಡೆಸುವ ನಮ್ಮ ಭಾಗವತರ ಸ್ಥಾನ. ರಕ್ಕಸನನ್ನು ತರುವವನೂ ಅವನೇ, ಜಗಳ ಎಲ್ಲಿ ನಿಲ್ಲಬೇಕು ಅನ್ನುವವನೂ ಅವನೇ. ಬರೆದಿಟ್ಟ ಮಾತು ಯಾರ ಕೈಯಲ್ಲೂ ಇಲ್ಲ. ತಾಳಮದ್ದಳೆಗೆ ಇಷ್ಟು ಹತ್ತಿರದ ಇನ್ನೊಂದು ಆಟವನ್ನು ನಾನು ಕಾಣೆ. ಅಲ್ಲಿ ಮಾತಿನ ಜೊತೆಗೆ ಇಪ್ಪತ್ತು ಮುಖದ ಒಂದು ದಾಳವೂ ಉಂಟು, ಅಷ್ಟೇ.

ಈಗ ಮಾಣಿಯ ವಿಷಯ. ಆ ಆಟದಲ್ಲಿ ಹೊಡೆತ ಬರುವುದಕ್ಕೆ ಎರಡು ದಾರಿ. ಒಂದು, ಎದುರಿನವ ದಾಳ ಹಾಕಿ, "ನನ್ನ ಏಟು ನಿನಗೆ ತಾಗಿತೇ?" ಅಂತ ಕೇಳುವುದು. ಅದಕ್ಕೆ ಉತ್ತರ ಹೇಳುವುದು ಕವಚ. ಆರ್ಮರ್ ಕ್ಲಾಸ್ ಅಂತ ಒಂದು ಸಂಖ್ಯೆ ಇರುತ್ತದೆ, ದಾಳದ ಲೆಕ್ಕ ಅದಕ್ಕೆ ಮುಟ್ಟದಿದ್ದರೆ ಏಟು ಜಾರಿಹೋಯಿತು. ಶೀಲ್ಡ್ ಅನ್ನುವ ಮಂತ್ರ ಆ ಸಂಖ್ಯೆಗೆ ಒಮ್ಮೆಗೇ 5 ಕೂಡಿಸುತ್ತದೆ. ಎರಡನೇ ದಾರಿಯಲ್ಲಿ ಎದುರಿನವ ತಾಗಿತೇ ಅಂತ ಕೇಳುವುದೇ ಇಲ್ಲ. ಬೆಂಕಿ ಬಂದಾಯಿತು. "ನೀನು ಹಾರಿ ತಪ್ಪಿಸಿಕೊಂಡೆಯಾ?" ಅಂತ ಮಾತ್ರ ಕೇಳುತ್ತಾನೆ. ಈಗ ದಾಳ ಹಾಕಬೇಕಾದವ ನೀವು, ಅದಕ್ಕೆ ಸೇವಿಂಗ್ ಥ್ರೋ ಅನ್ನುತ್ತಾರೆ. ಮಾಣಿಗೆ ಬಡಿದ ಬೆಂಕಿ ಉಂಡಿ, ಅಂದರೆ ಫೈರ್‌ಬಾಲ್ ಮಂತ್ರ, ಈ ಎರಡನೇ ದಾರಿಯದ್ದು. ಬಿದ್ದ ಜಾಗದಿಂದ ಸುತ್ತ 20 ಅಡಿ ಬೆಂಕಿ, ಆರು ಮುಖದ ಎಂಟು ದಾಳದಷ್ಟು ಪೆಟ್ಟು, ಹಾರಿದವನಿಗೆ ಅರ್ಧ, ನಿಂತವನಿಗೆ ಪೂರ್ತಿ. ಕವಚ ಎಷ್ಟು ದಪ್ಪ ಅಂತ ಅದು ವಿಚಾರಿಸುವುದೇ ಇಲ್ಲ. ಕೊಡೆ ಮೇಲಿಂದ ಬರುವ ಮಳೆಗೆ ಸರಿ, ತೋಡು ಉಕ್ಕಿ ಅಂಗಳಕ್ಕೆ ಬಂದ ನೀರಿಗೆ ಕೊಡೆ ಬಿಡಿಸಿ ಫಲವೇನು?

ಅದೇ ಶೀಲ್ಡ್ ಮಂತ್ರಕ್ಕೆ ಇನ್ನೊಂದು ಮುಖ ಉಂಟು. ಮ್ಯಾಜಿಕ್ ಮಿಸೈಲ್ ಅಂತ ಬೆಳಕಿನ ಬಾಣಗಳ ಮಂತ್ರವೊಂದಿದೆ. ಅದು ಗುರಿ ತಪ್ಪುವುದೇ ಇಲ್ಲ, ದಾಳವನ್ನೂ ಕೇಳುವುದಿಲ್ಲ, ಹಾರಿ ತಪ್ಪಿಸಿಕೊಳ್ಳಲೂ ಬಿಡುವುದಿಲ್ಲ. ದೊಡ್ಡ ದೊಡ್ಡ ಕವಚದವರಿಗೂ ತಾಗಿಯೇ ತೀರುವ ಆ ಬಾಣ ಶೀಲ್ಡ್‌ನ ಎದುರು ಮಾತ್ರ ಪೂರ್ತಿ ಸೊನ್ನೆ. ಹಾಗೆಂದು ಪುಸ್ತಕದಲ್ಲಿ ಹೆಸರು ಹಿಡಿದು ಬರೆದಿದ್ದಾರೆ. ಕಳ್ಳನ ಪಾತ್ರಕ್ಕೂ ಹೀಗೇ ಎರಡು ಬೇರೆ ಬೇರೆ ವಿದ್ಯೆ. ಕಣ್ಣಿಗೆ ಕಾಣುವ ವೈರಿಯ ಏಟು ತಾಗಿದರೆ ಅದನ್ನು ಅರ್ಧಕ್ಕೆ ಇಳಿಸುವುದು ಒಂದು. ಬೆಂಕಿಯಂಥದ್ದರಿಂದ ಹಾರಿ ಪಾರಾಗುವಾಗ ಅರ್ಧ ಪೆಟ್ಟೂ ತಾಗದ ಹಾಗೆ ನೋಡಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಕಲಿತವ ಬೆಂಕಿ ಬಂದಾಗ ಅದನ್ನೇ ಹಿಡಿದುಕೊಂಡು ಕೂರಲಿಕ್ಕಿಲ್ಲ. ಪ್ರತಿ ರಕ್ಷೆಗೂ ತಾನು ಯಾವುದನ್ನು ತಡೆಯುತ್ತೇನೆ ಅಂತ ಮೊದಲೇ ಆಡಿದ ಒಂದು ಮಾತಿದೆ. ಆ ಮಾತಿನಾಚೆ ಅದು ಒಂದು ಹುಲ್ಲುಕಡ್ಡಿಯನ್ನೂ ತಡೆಯದು.

"ರಕ್ಷೆ ಅಂದ್ರೆ ರಕ್ಷೆ. ದೇವ್ರ್ ಕೊಟ್ಟದ್ದಾರೆ ಎಲ್ಲದಕ್ಕೂ ಆಯ್ಕ್" ಅನ್ನುತ್ತೀರಲ್ಲ, ನಿಮ್ಮ ಬಾಯಲ್ಲಿ ಆ ಮಾತು ಬರಬಾರದಿತ್ತು ಮಾಷ್ಟ್ರೆ. ಎಲ್ಲದಕ್ಕೂ ಆಗುವ ರಕ್ಷೆಯನ್ನು ನಮ್ಮ ಯಾವ ಪ್ರಸಂಗದಲ್ಲಿ ಯಾರು ಕೊಟ್ಟಿದ್ದಾರೆ? ಹಿರಣ್ಯಕಶಿಪುವಿನ ವರ ಬಿಡಿ, ಅದು ಚಿಕ್ಕ ಮಕ್ಕಳಿಗೂ ಗೊತ್ತು. ನಾರಾಯಣಾಸ್ತ್ರ ನೋಡಿ. ದ್ರೋಣ ಬಿದ್ದ ಮೇಲೆ ಅಶ್ವತ್ಥಾಮ ಬಿಟ್ಟದ್ದು. ಎದುರಿಸಿದಷ್ಟೂ ಅದು ಬೆಳೆಯುತ್ತದೆ. ಪಾಂಡವರ ಸೈನ್ಯದಲ್ಲಿ ಬಿಲ್ಲಿಗೆ ಬರ ಇರಲಿಲ್ಲ, ಕವಚಕ್ಕೂ ಬರ ಇರಲಿಲ್ಲ. ಕೃಷ್ಣ ಹೇಳಿದ್ದೇನು? ಆಯುಧ ಕೆಳಗಿಡಿ, ರಥದಿಂದ ಇಳಿಯಿರಿ. ಅದೊಂದೇ ಅದಕ್ಕೆ ತಡೆ. ಭೀಮ ಒಪ್ಪಲಿಲ್ಲ, ಗದೆ ಹಿಡಿದು ಎದುರು ನಡೆದ. ಅಸ್ತ್ರ ಪೂರ್ತಿ ಅವನೊಬ್ಬನ ಮೇಲೆ ಕವಿಯಿತು. ಅರ್ಜುನ ವಾರುಣಾಸ್ತ್ರದಿಂದ ಅವನನ್ನು ಮುಚ್ಚಿದ, ಅದು ಸ್ವಲ್ಪ ಹೊತ್ತಿಗೆ ತಾಳಿತು. ಕೊನೆಗೆ ಕೃಷ್ಣಾರ್ಜುನರು ಹೋಗಿ ಭೀಮನನ್ನು ಹಿಡಿದೆಳೆದು ಆಯುಧ ಬಿಡಿಸಬೇಕಾಯಿತು. ಭೀಮನ ಮೈಬಲ ಕಡಿಮೆಯಾಗಿತ್ತೇ? ಇಲ್ಲ. ಆ ಅಸ್ತ್ರ ಮೈಬಲದ ಪ್ರಶ್ನೆಯನ್ನೇ ಕೇಳಿರಲಿಲ್ಲ. ನಿಮ್ಮ ಮೊಮ್ಮಗನ ಕಬ್ಬಿಣಕ್ಕೆ ಆದದ್ದೂ ಅದೇ.

ಮತ್ತೆ ಆ ಅಸ್ತ್ರ ತಣಿದ ಮೇಲೆ ದುರ್ಯೋಧನ, ಇನ್ನೊಮ್ಮೆ ಬಿಡು ಅನ್ನುತ್ತಾನೆ. ಎರಡನೇ ಸಲ ಕರೆದರೆ ಕರೆದವನ ಮೇಲೆಯೇ ಬರುತ್ತದೆ, ಆಗದು ಅನ್ನುತ್ತಾನೆ ಅಶ್ವತ್ಥಾಮ. ಕರ್ಣನ ಶಕ್ತ್ಯಾಯುಧವೂ ಹಾಗೇ, ಒಂದೇ ಸಲಕ್ಕೆ. ಮೈಗೆ ಅಂಟಿಕೊಂಡೇ ಹುಟ್ಟಿದ ಕವಚ ಕುಂಡಲವನ್ನು ಇಂದ್ರನಿಗೆ ಕೊಟ್ಟು ಅವ ತೆಗೆದುಕೊಂಡದ್ದು ಅದನ್ನು, ಅರ್ಜುನನಿಗೆ ಅಂತ ಇಟ್ಟುಕೊಂಡಿದ್ದು ರಾತ್ರಿ ಯುದ್ಧದಲ್ಲಿ ಘಟೋತ್ಕಚನಿಗೆ ಖರ್ಚಾಯಿತು. ಯಾವಾಗಲೂ ಇರುವ ರಕ್ಷೆಯನ್ನು ಕೊಟ್ಟು ಒಮ್ಮೆ ಮಾತ್ರ ಇರುವ ಅಸ್ತ್ರವನ್ನು ಕೊಂಡ ವ್ಯಾಪಾರ ಅದು. ಹುಡುಗರ ಆಟದಲ್ಲಿ ಮಂತ್ರಗಾರನ ಇಡೀ ಬಾಳೇ ಇಂಥ ವ್ಯಾಪಾರ. ಒಮ್ಮೆ ಹೇಳಿದ ಮಂತ್ರ ಮನಸ್ಸಿನಿಂದ ಅಳಿಸಿಹೋಗುತ್ತದೆ ಅನ್ನುವ ಕಲ್ಪನೆಯನ್ನು ಗೈಗಾಕ್ಸ್ ತೆಗೆದುಕೊಂಡದ್ದು ಜಾಕ್ ವ್ಯಾನ್ಸ್ ಅನ್ನುವವರ 1950ರ ಕತೆಗಳಿಂದ. ವ್ಯಾನ್ಸ್‌ಗೆ ಕರ್ಣ ಗೊತ್ತಿರಬೇಕೆಂದಿಲ್ಲ. ಅಸ್ತ್ರಕ್ಕೆ ಒಂದು ಮಿತಿ ಹಾಕದೆ ಯುದ್ಧದ ಕತೆ ಹೇಳಲಿಕ್ಕೆ ಎಲ್ಲಿಯೂ ಯಾರಿಗೂ ಆಗಿಲ್ಲ ಅಂತ ನನಗೆ ತೋರುತ್ತದೆ.

ಹನುಮಂತನದ್ದು ನನಗೆ ಇನ್ನೂ ಇಷ್ಟ. ಅಶೋಕವನದಲ್ಲಿ ಇಂದ್ರಜಿತು ಬ್ರಹ್ಮಾಸ್ತ್ರ ಹಾಕಿದ, ಹನುಮಂತ ಕಟ್ಟುಬಿದ್ದ. ಬ್ರಹ್ಮನ ವರ ಇದ್ದವನಾದರೂ ಬ್ರಹ್ಮನ ಹೆಸರಿಗೆ ಮರ್ಯಾದೆ ಕೊಟ್ಟು ಬಿದ್ದ. ಅಷ್ಟಕ್ಕೆ ಬಿಡುತ್ತಿದ್ದರೆ ಸರಿಯಿತ್ತು. ರಕ್ಕಸರು ಓಡಿಬಂದು ನಾರಿನ ಹಗ್ಗ ತಂದು ಬಿಗಿದರು. ಬ್ರಹ್ಮಾಸ್ತ್ರದ ಕಟ್ಟು ಇನ್ನೊಂದು ಕಟ್ಟಿನ ಜೊತೆ ಇರುವುದಿಲ್ಲ, ಹಗ್ಗ ಬಿದ್ದ ಕೂಡಲೇ ಅಸ್ತ್ರ ಬಿಟ್ಟುಹೋಯಿತು. ಅದು ಗೊತ್ತಾದದ್ದು ಇಂದ್ರಜಿತುವಿಗೆ ಮಾತ್ರ, ಅವ ಒಳಗೊಳಗೇ ನೊಂದುಕೊಂಡ. ಹನುಮಂತ ಹಗ್ಗಕ್ಕೇ ಸಿಕ್ಕಿಬಿದ್ದವನ ಹಾಗೆ ನಡೆದ, ಅವನಿಗೆ ರಾವಣನ ಸಭೆ ನೋಡಬೇಕಿತ್ತು. ಒಂದು ಬಂಧನದ ಮೇಲೆ ಇನ್ನೊಂದು ಹಾಕಿದರೆ ಬಲ ಇಮ್ಮಡಿ ಆಗುತ್ತದೆ ಅಂತ ತಿಳಿದವರಿಗೆ ವಾಲ್ಮೀಕಿ ಎಷ್ಟು ಹಿಂದೆ ಉತ್ತರ ಕೊಟ್ಟುಬಿಟ್ಟಿದ್ದಾನೆ! ಹುಡುಗರ ಆಟದಲ್ಲಿಯೂ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕಾದ ಮಂತ್ರಗಳು ಕೆಲವಿವೆ. ಅಂಥ ಇನ್ನೊಂದನ್ನು ಶುರುಮಾಡಿದ ಕ್ಷಣ ಮೊದಲಿನದ್ದು ಕಳಚಿಹೋಗುತ್ತದೆ.

ಈಗ ನಮ್ಮ ಕಡೆಯದ್ದೇ ತೆಗೆದುಕೊಳ್ಳುವ. ಕೊಲ್ಲೂರು ಇಲ್ಲಿಂದ ಎಷ್ಟು ದೂರ? ಅಲ್ಲಿಯ ಕತೆಯನ್ನು ನೀವು ಮಕ್ಕಳಿಗೆ ಹೇಳಿಕೊಂಡೇ ಬಂದವರು. ಅಸುರ ಘೋರ ತಪಸ್ಸು ಮಾಡಿದ, ಶಿವ ಬಂದು ಎದುರು ನಿಂತ, ಏನು ಬೇಕು ಅಂತ ಕೇಳಿಯೂ ಆಯಿತು. ಕೊಡುವವ ಕೊಟ್ಟೇಬಿಡುತ್ತಾನೆ, ಅವನನ್ನು ತಡೆಯುವ ಹಾಗಿಲ್ಲ. ವರ ಸಿಕ್ಕಿದ ಮೇಲೆ ಅದಕ್ಕೆ ಸಂದು ಹುಡುಕುತ್ತ ಯುಗ ಕಳೆಯಬೇಕು. ದೇವಿ ತಡೆದದ್ದು ಆ ಎರಡರ ನಡುವಿನ ಒಂದು ಕ್ಷಣವನ್ನು. ಕೇಳಲಿಕ್ಕೆ ಬಾಯಿ ತೆರೆದವನ ಮಾತೇ ಹೋಯಿತು. ಅವ ಮೂಕಾಸುರನಾದ, ಅವನನ್ನು ಕೊಂದವಳು ಮೂಕಾಂಬಿಕೆ.

ಆ ಆಟದ ಪುಸ್ತಕದಲ್ಲಿ ಇದಕ್ಕೆ ಎರಡು ಮಂತ್ರ ಇವೆ. ಕೌಂಟರ್‌ಸ್ಪೆಲ್ ಅಂದರೆ ಎದುರಿನವ ಮಂತ್ರ ಹೇಳುತ್ತಿರುವುದು ಕಣ್ಣಿಗೆ ಬಿದ್ದ ಕೂಡಲೇ, 60 ಅಡಿಯ ಒಳಗಿದ್ದರೆ, ಅದನ್ನು ಅಲ್ಲೇ ಮುರಿಯುವುದು. ಹೇಳಿ ಮುಗಿದ ಮೇಲೆ ಅದರಿಂದ ಏನೂ ಆಗದು. ಸೈಲೆನ್ಸ್ ಅಂದರೆ ಸುತ್ತ 20 ಅಡಿಯ ಜಾಗದಲ್ಲಿ ಸದ್ದೇ ಹೊರಡದ ಹಾಗೆ ಮಾಡುವುದು, ಬಾಯಿಂದ ಹೇಳಬೇಕಾದ ಯಾವ ಮಂತ್ರವೂ ಅದರೊಳಗೆ ನಡೆಯುವುದಿಲ್ಲ. 2014ರ ಪುಸ್ತಕದಲ್ಲಿ ಕೌಂಟರ್‌ಸ್ಪೆಲ್ ಹಾಕಿದರೆ ಚಿಕ್ಕಪುಟ್ಟ ಮಂತ್ರಗಳೆಲ್ಲ ವಿಚಾರಣೆ ಇಲ್ಲದೆ ಬಿದ್ದುಹೋಗುತ್ತಿದ್ದವು. 2024ರ ಪರಿಷ್ಕರಣೆಯಲ್ಲಿ ಮಂತ್ರ ಹೇಳುವವನಿಗೂ ದಾಳ ಹಾಕಿ ಉಳಿಸಿಕೊಳ್ಳುವ ಒಂದು ಅವಕಾಶ ಕೊಟ್ಟಿದ್ದಾರೆ, ಮುರಿದುಬಿದ್ದರೂ ಅವನ ಮಂತ್ರದ ಗಂಟು ಕರಗುವುದಿಲ್ಲ. ನನಗೆ ಈ ಹೊಸದೇ ಹೆಚ್ಚು ಸರಿ ಕಾಣುತ್ತದೆ. ಕಷ್ಟಪಟ್ಟು ತಂದ ಮಾತನ್ನು ಬಾಯಲ್ಲೇ ಕಳೆದುಕೊಳ್ಳುವುದು ಆಡುವವನಿಗೆ ಬಹಳ ನೋವಿನ ವಿಷಯ. ಮೂಕಾಸುರನಿಗೆ ಅಂಥ ಅವಕಾಶ ಸಿಗಲಿಲ್ಲ.

"ಬಾಯಿ ಕಟ್ಟಿದ್ ಮೇಲೆ ಮತ್ತ್ ಯುದ್ಧ ಎಂತಕ್?"

ಒಳ್ಳೆಯ ಪ್ರಶ್ನೆ ಕೇಳಿದಿರಿ. ಬಾಯಿ ಕಟ್ಟಿದರೆ ವರ ನಿಂತಿತು, ತೋಳು ನಿಲ್ಲಲಿಲ್ಲ. ಸೈಲೆನ್ಸ್‌ನ ಒಳಗಿದ್ದ ಮಂತ್ರಗಾರ ಮಂತ್ರ ಹೇಳಲಾರ, ಆದರೆ ದೊಣ್ಣೆ ಬೀಸಬಲ್ಲ. ಹಾಗಾಗಿ ದೇವಿ ಇಳಿದು ಬಂದು ಯುದ್ಧ ಮಾಡಲೇಬೇಕಾಯಿತು. ಕೊಲ್ಲೂರಿನ ದಾರಿಯ ಮಾರಣಕಟ್ಟೆಯಲ್ಲಿ ಅವನ ವಧೆ ಆಯಿತು ಅನ್ನುವ ನಂಬಿಕೆ ಇದೆಯಲ್ಲ. ಅಲ್ಲಿಯ ಬ್ರಹ್ಮಲಿಂಗೇಶ್ವರನ ಮೇಳ ಊರೂರಿಗೆ ಹರಕೆ ಆಟ ಆಡಿಕೊಂಡು ಬರುವಾಗ ಆ ಕತೆಯನ್ನು ರಂಗಸ್ಥಳದಲ್ಲಿ ನೋಡಿದವರಿಗೆ ಇದು ಕಣ್ಣಿಗೆ ಕಟ್ಟಿದ ಹಾಗೆ ಗೊತ್ತು. ಅಷ್ಟು ಹೊತ್ತು ಅಬ್ಬರಿಸುತ್ತಿದ್ದ ಬಣ್ಣದ ವೇಷ ಮಾತು ಹೊರಡದೆ ಗಂಟಲು ಹಿಡಿದುಕೊಳ್ಳುತ್ತದೆ. ಬಾಯಿ ತೆರೆಯುತ್ತದೆ, ಕಣ್ಣು ಅಗಲವಾಗುತ್ತದೆ, ಕೈ ಆಕಾಶಕ್ಕೆ ಹೋಗುತ್ತದೆ, ಮಾತಿಲ್ಲ. ಅರ್ಥ ಹೇಳುವ ವೇಷಧಾರಿಯಿಂದ ಅರ್ಥವನ್ನೇ ಕಸಿದುಕೊಂಡು ಬರೀ ಮೈಯಲ್ಲಿ ಆಡಿಸುವ ಜಾಗ ಅದು. ಅಲ್ಲಿ ಗೆದ್ದ ಕಲಾವಿದನನ್ನು ಜನ ಮರೆಯುವುದಿಲ್ಲ.

ಇಷ್ಟೆಲ್ಲ ಹೇಳಿದರೂ ನಿಮ್ಮ ಮನಸ್ಸಿನಲ್ಲಿ ಇರುವುದು ಸುಧನ್ವ ಅಂತ ನನಗೆ ಗೊತ್ತು. "ಹಂಗಾರೆ ಸುಧನ್ವಂದ್ ಎಂತ? ಅವ್ನಿಗೆ ಹರಿ ರಕ್ಷೆ ಇರ್ಲಿಲ್ಯಾ?" ಅಂತ ಆಗಲೇ ಒಮ್ಮೆ ಕೇಳಿದಿರಿ. ಬಡಗುತಿಟ್ಟಿನ ಯಕ್ಷಗಾನ ಮೇಳಗಳಿಗೆ ಸುಧನ್ವಾರ್ಜುನ ಹೇಳಿ ಮಾಡಿಸಿದ ಪ್ರಸಂಗ, ಅದನ್ನು ಬಿಟ್ಟು ಈ ಮಾತು ಮುಗಿಯುವುದೂ ಇಲ್ಲ. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ, ಅಶ್ವಮೇಧದ ಕತೆಗೆ ನಾವು ದೇವನೂರಿನ ಲಕ್ಷ್ಮೀಶನ ಹತ್ತಿರವೇ ಹೋಗಬೇಕು.

ಚಂಪಕಾಪುರದ ರಾಜ ಹಂಸಧ್ವಜನ ಆಜ್ಞೆ ಏನಿತ್ತು? ಯುದ್ಧಕ್ಕೆ ತಡವಾಗಿ ಬಂದವನಿಗೆ ಕಾದ ಎಣ್ಣೆಯ ಕೊಪ್ಪರಿಗೆ. ಹೆಂಡತಿ ಪ್ರಭಾವತಿಯ ಮಾತಿಗೆ ನಿಂತು ತಡವಾಗಿ ಬಂದವ ಅವನ ಮಗ ಸುಧನ್ವನೇ. ಪುರೋಹಿತರಾದ ಶಂಖ ಲಿಖಿತರು ಆಜ್ಞೆಯನ್ನು ಸಡಿಲಿಸಲು ಬಿಡಲಿಲ್ಲ. ಸುಧನ್ವ ಹರಿಯನ್ನು ನೆನೆದು ಎಣ್ಣೆಗೆ ಇಳಿದ, ಕೂದಲೂ ಕೊಂಕಲಿಲ್ಲ. ಆಗ ಅವರಿಗೆ ಬಂದ ಅನುಮಾನ ನೋಡಿ ಮಾಷ್ಟ್ರೆ, ಇದು ನಿಜಕ್ಕೂ ಒಬ್ಬ ಒಳ್ಳೆಯ ಡಂಜನ್ ಮಾಸ್ಟರ್ ಕೇಳಬೇಕಾದ ಪ್ರಶ್ನೆ. ಎಣ್ಣೆ ಕಾದಿಲ್ಲವೋ, ಇವನಿಗೆ ರಕ್ಷೆ ಇದೆಯೋ? ಪರೀಕ್ಷೆಗೆ ಒಂದು ತೆಂಗಿನಕಾಯಿ ತರಿಸಿ ಎಣ್ಣೆಗೆ ಹಾಕಿದರು. ಅದು ಸಿಡಿದು ಎರಡು ಹೋಳಾಗಿ ಇಬ್ಬರ ಹಣೆಗೂ ಬಂದು ಬಡಿಯಿತು. ಬೆಂಕಿ ನಿಜ, ಎಣ್ಣೆ ನಿಜ, ರಕ್ಷೆಯೂ ನಿಜ ಅಂತ ಒಂದು ಕಾಯಿಯಲ್ಲಿ ತೀರ್ಮಾನ ಆಯಿತು.

ಹಾಗಾದರೆ ಇಂಥವನಿಗೆ ಬಾಣ ಹೇಗೆ ತಾಗಿತು? ನಾನು ಇದನ್ನು ಬಹಳ ಯೋಚನೆ ಮಾಡಿದ್ದೇನೆ. ಕೊಪ್ಪರಿಗೆಯ ಹತ್ತಿರ ಕೃಷ್ಣ ಇರಲಿಲ್ಲ, ಕೃಷ್ಣನ ನೆನಪಿತ್ತು. ಎಣ್ಣೆಯ ಹಿಂದೆ ಬರೀ ರಾಜಾಜ್ಞೆ. ಒಂದು ಕಡೆ ಹರಿ, ಇನ್ನೊಂದು ಕಡೆ ಕಾದ ಎಣ್ಣೆ, ಯಾವುದು ಗೆಲ್ಲುತ್ತದೆ ಅಂತ ಕೇಳುವುದೇ ಬೇಡ. ರಣರಂಗದಲ್ಲಿ ಕೃಷ್ಣ ಎದುರು ರಥದಲ್ಲಿ ಕೂತಿದ್ದಾನೆ. ಮೂರು ಬಾಣದಲ್ಲಿ ನಿನ್ನನ್ನು ಕೊಲ್ಲುತ್ತೇನೆ ಅಂತ ಅರ್ಜುನನ ಪ್ರತಿಜ್ಞೆ, ಮೂರನ್ನೂ ಕತ್ತರಿಸುತ್ತೇನೆ ಅಂತ ಸುಧನ್ವನದ್ದು. ಕೃಷ್ಣ ಗೋವರ್ಧನ ಎತ್ತಿದ ಪುಣ್ಯವನ್ನು ಮೊದಲ ಬಾಣಕ್ಕೆ ಧಾರೆ ಎರೆದ. ಸುಧನ್ವ ಅದನ್ನು ಕತ್ತರಿಸಿದ. ಎರಡನೆಯದಕ್ಕೂ ಪುಣ್ಯ ಬಂತು, ಅದನ್ನೂ ಕತ್ತರಿಸಿದ. ಯಾವ ಬಲದಿಂದ? ಆ ಕೃಷ್ಣನದೇ ನೆನಪಿನ ಬಲದಿಂದ. ಹೊಡೆಯುವ ಮಂತ್ರ, ತಡೆಯುವ ರಕ್ಷೆ ಎರಡೂ ಒಂದೇ ಮೂಲದಿಂದ ಬಂದರೆ ಏನು ಮಾಡಬೇಕು ಅಂತ ಆ ಹುಡುಗರ ದಪ್ಪ ದಪ್ಪ ಪುಸ್ತಕಗಳನ್ನು ಮಗುಚಿದರೂ ಇಷ್ಟು ಆಳಕ್ಕೆ ಹೋದದ್ದು ನನಗೆ ಸಿಗಲಿಲ್ಲ.

ಮೂರನೇ ಬಾಣ, ಅದಕ್ಕೂ ಪುಣ್ಯ ಎರೆದಾಯಿತು. ಬೆಳಗಿನ ಜಾವದ ಹೊತ್ತಿಗೆ ಈ ಭಾಗ ಬರುತ್ತದೆ, ಕೂತಲ್ಲೇ ತೂಕಡಿಸುತ್ತಿದ್ದವರೆಲ್ಲ ಚೆಂಡೆಯ ಪೆಟ್ಟಿಗೆ ಎದ್ದು ನೆಟ್ಟಗಾಗುತ್ತಾರೆ. ರಂಗಸ್ಥಳದಲ್ಲಿ ಹಾರುವ ಬಾಣ ಇಲ್ಲ. ವೇಷಧಾರಿಯ ಕೈಯಲ್ಲಿ ಗಿಡ್ಡ ಬಿಲ್ಲು, ಉಳಿದದ್ದೆಲ್ಲ ಕಾಲಿನಲ್ಲಿ, ಕಣ್ಣಿನಲ್ಲಿ. ಅರ್ಜುನನ ದೃಷ್ಟಿ ಹೊರಟ ಕಡೆಯಿಂದ ಬಾಣ ಬರುತ್ತಿದೆ ಅಂತ ಸುಧನ್ವ ತಲೆ ತಿರುಗಿಸುವುದರಲ್ಲೇ ನಮಗೆ ಅದರ ದಾರಿ ಕಾಣುತ್ತದೆ. ಮಂಡಿ ಹಾಕಿ ಸುತ್ತು ಸುತ್ತು ಬಂದು, ಎದ್ದು, ಬಿಲ್ಲಿಗೆ ಕೈ ಹೋಯಿತೋ ಇಲ್ಲವೋ, ಚೆಂಡೆಯ ಒಂದು ಹೊಡೆತಕ್ಕೆ ಬಾಣ ತುಂಡಾಯಿತು. ಎದೆಯುಬ್ಬಿಸಿ ನಗುತ್ತಾನೆ. ಆ ನಗು ಮುಗಿಯುವುದರೊಳಗೆ ತುಂಡಾದ ಬಾಣದ ಮುಂದಿನ ಅರ್ಧ ಬಂದು ತಲೆಯನ್ನು ತೆಗೆದುಬಿಡುತ್ತದೆ.

ಎಂಥ ತೀರ್ಪು ಮಾಷ್ಟ್ರೆ ಅದು! ಮೂರನ್ನೂ ಕತ್ತರಿಸುತ್ತೇನೆ ಅಂದ, ಕತ್ತರಿಸಿದ. ಮೂರರಲ್ಲಿ ಕೊಲ್ಲುತ್ತೇನೆ ಅಂದ, ಕೊಂದ. ಯಾರ ಮಾತೂ ಸುಳ್ಳಾಗಲಿಲ್ಲ, ಯಾವ ನಿಯಮವನ್ನೂ ಬದಿಗೆ ಸರಿಸಲಿಲ್ಲ. ಕೃಷ್ಣಾರ್ಜುನರ ಕಾಳಗದಲ್ಲಿ ಗಂಧರ್ವ ಗಯನನ್ನು ಕೊಲ್ಲುವ ಕೃಷ್ಣನ ಪ್ರತಿಜ್ಞೆ, ಕಾಯುವ ಅರ್ಜುನನ ಪ್ರತಿಜ್ಞೆ ಎದುರುಬದುರಾದಾಗ ಹೊರಗಿನವರು ಬಂದು ರಾಜಿ ಮಾಡಿಸಬೇಕಾಗುತ್ತದೆ. ಅದೂ ಒಳ್ಳೆಯ ಪ್ರಸಂಗವೇ, ಆದರೆ ನನಗೆ ಅದಕ್ಕಿಂತ ಸುಧನ್ವ ಮೇಲು. ಕತ್ತರಿಸುವುದು ಅಂದರೆ ನಿಲ್ಲಿಸುವುದು ಅಂತ ಸುಧನ್ವ ತಿಳಿದಿದ್ದ. ಅವ ಪ್ರತಿಜ್ಞೆ ಮಾಡಿದ್ದು ಕತ್ತರಿಸುವುದನ್ನು ಮಾತ್ರ.

ನಿಮ್ಮ ಮಾಣಿ ಹತ್ತಿರ ಇದನ್ನು ಹೇಳಿ. ಶೀಲ್ಡ್ ಮಂತ್ರ ಕೈಕೊಡಲಿಲ್ಲ, ಅದು ತನ್ನ ಮಾತಿಗೆ ತಪ್ಪದೆ ನಿಂತಿತ್ತು. ಬೆಂಕಿ ಆ ಮಾತಿನ ಹೊರಗಿನಿಂದ ಬಂತು. ಇನ್ನೊಂದು ಸಲ ಆ ಗುಂಪಿನಲ್ಲಿ ಮಂತ್ರಗಾರ ಬಾಯಿ ತೆರೆಯುವುದನ್ನು ಕಾಯುವವನೊಬ್ಬ ಇರಲಿ, ಹಾರಬಲ್ಲವನೊಬ್ಬ ಮುಂದೆ ಇರಲಿ. ಎಲ್ಲರೂ ಕಬ್ಬಿಣ ಹೊದ್ದುಕೊಂಡು ಒಂದೇ ಕಡೆ ಒತ್ತಿ ನಿಲ್ಲುವುದಲ್ಲ, ದೂರ ದೂರ ಚದುರಿ ನಿಲ್ಲಬೇಕು ಅನ್ನಿ.

"ಸಮ ಮಾರಾಯ್ರೆ, ನೀವ್ ಹೇಳುದ್ ಸಮ. ಆದ್ರೆ ಒಂದ್ ಮಾತ್" ಅನ್ನುತ್ತೀರಿ. ಹೇಳಿ.

"ಕತ್ತರ್ಸಿದ್ ಮೇಲೆ ಅದ್ ಅರ್ಜುನನ್ ಬಾಣ ಹ್ಯಾಂಗ್ ಆತ್ತ್? ಬಾಣ ಬಿದ್ದ್ ಹೋಯ್ತ್. ಬಂದದ್ ಕೃಷ್ಣನ್ ಪುಣ್ಯ. ನಾನ್ ಸುಧನ್ವ ಆದ್ರೆ ಅದನ್ನೇ ಹೇಳುದ್. ನಿನ್ನ ಮೂರೂ ಬಾಣ ಸೋತಿತ್ ಪಾರ್ಥ, ನನ್ನನ್ನ ತೆಗೆದದ್ ನನ್ನ ಸ್ವಾಮಿ."

ಈ ಅರ್ಥವನ್ನು ನೀವು ಸಭೆಯಲ್ಲಿ ಹೇಳಲೇಬೇಕು, ಎದುರು ಅರ್ಜುನನಿಗೆ ಬೆವರು ಬರುತ್ತದೆ. ತಲೆ ಹಾರಿ ಕೃಷ್ಣನ ಪಾದಕ್ಕೇ ಹೋಗಿ ಬಿತ್ತು ಅನ್ನುವ ಕತೆಯೂ ನಿಮ್ಮ ಕಡೆಗೇ ಸಾಕ್ಷಿ ಹೇಳುತ್ತದೆ. ಆದರೆ ನಾನು ಒಪ್ಪುವುದಿಲ್ಲ. ಪುಣ್ಯ ಧಾರೆ ಎರೆದದ್ದು ಬಾಣ ಬಿಡುವುದಕ್ಕೆ ಮೊದಲು, ಸುಧನ್ವನ ಕಣ್ಣೆದುರೇ. ಅದನ್ನು ಕಂಡೂ ಅವ ತನ್ನ ಪ್ರತಿಜ್ಞೆಯ ಮಾತು ಬದಲಿಸಲಿಲ್ಲ. ಎರೆದ ಮೇಲೆ ಪುಣ್ಯ ಬಾಣದ್ದೇ, ಬಾಣ ಅರ್ಜುನನದ್ದೇ, ಮುಂದಿನ ಅರ್ಧವೂ ಹಿಂದಿನ ಅರ್ಧವೂ. ಇದಕ್ಕೆ ನೀವು ಸುಧನ್ವನಾಗಿ ಏನು ಉತ್ತರ ಕೊಡುತ್ತೀರಿ?